ಬರಗಾಲದಲ್ಲಿ ನದಿಮೀನುಗಳ ರಕ್ಷಣೆ: ಭೀಮಾ ಕಣಿವೆ ಮತ್ತು ಕರ್ನಾಟಕದ ಮಹಶೀರ್ ಹೊಳೆಗಳು

ಮಳೆ ಕೈಕೊಟ್ಟ ವರ್ಷಗಳಲ್ಲಿ ಮತ್ತು ಕಡುಬೇಸಿಗೆಯಲ್ಲಿ ಹೊಳೆಯ ಹರಿವು ನಿಂತು, ಉಳಿದ ನೀರು ಕಾಯ್ದು, ಸ್ವಾಭಾವಿಕವಾಗಿ ಬೆಳೆಯುವ ಮೀನುಗಳು ಸಾಯದಂತೆ ಕಾಪಾಡಲು ಕೈಗೊಳ್ಳುವ ಕ್ರಮಗಳ ಒಟ್ಟು ವಿಚಾರ ಇದು. ಶೀತ ದೇಶಗಳಲ್ಲಿ ಇದು ಸಾಲ್ಮನ್ ಮೀನಿನ ನದಿಗಳ ಸುತ್ತ ಬೆಳೆದಿದೆ. ಕರ್ನಾಟಕದ ನದಿಗಳಲ್ಲಿ ಸಾಲ್ಮನ್ ಇಲ್ಲ. ಹರಿವಿಗೆ ಎದುರಾಗಿ ಏರಿ, ಕಲ್ಲುಜಲ್ಲಿಯ ತಳದಲ್ಲಿ ಮೊಟ್ಟೆಯಿಟ್ಟು, ತಿಳಿನೀರು ಮತ್ತು ಆಮ್ಲಜನಕವನ್ನು ಬೇಡುವ ಮಹಶೀರ್ ಇಲ್ಲಿ ಅದಕ್ಕೆ ಸಮೀಪದ ಮೀನು. ಸಾಲ್ಮನ್ ಸಮುದ್ರಕ್ಕೆ ಹೋಗಿ ಹೊಳೆಗೆ ಮರಳುತ್ತದೆ. ಮಹಶೀರ್‌ನ ಇಡೀ ಬಾಳು ಸಿಹಿನೀರಿನಲ್ಲೇ ಕಳೆಯುತ್ತದೆ. ಕಲಬುರಗಿ ನಗರ, ಅದಕ್ಕೆ ಸೇರಿಕೊಂಡಿರುವ ಕೋಟನೂರ ಮತ್ತು ಪಕ್ಕದ ಕಮಲಾಪುರ ಸೀಮೆ ಭೀಮಾ ಕಣಿವೆಗೆ ಸೇರಿವೆ. ದಖನ್ ಮಹಶೀರ್ ವಿಜ್ಞಾನದ ದಾಖಲೆಗೆ ಬಂದದ್ದು ಇದೇ ಕಣಿವೆಯಿಂದ. ಆದ್ದರಿಂದ ಈ ವಿಷಯಕ್ಕೂ ಈ ನೆಲಕ್ಕೂ ಹತ್ತಿರದ ನಂಟಿದೆ.

ಬಿಸಿನೀರಿನಲ್ಲಿ ಮೀನು

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿಯಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೂ 35 ಡಿಗ್ರಿಯಲ್ಲಿ 7ರ ಆಸುಪಾಸಿಗೂ ಇಳಿಯುತ್ತದೆ. ಮೀನು ಶೀತರಕ್ತದ ಪ್ರಾಣಿ. ನೀರು ಕಾಯ್ದಂತೆ ಅದರ ದೇಹದ ಕೆಲಸ ಚುರುಕಾಗಿ, ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಬೇಡಿಕೆ ಏರುವ ಹೊತ್ತಿಗೇ ಪೂರೈಕೆ ಕುಸಿಯುವುದರಿಂದ ಬೇಸಿಗೆಯ ಹೊಳೆ ಮೀನಿಗೆ ಇಕ್ಕಟ್ಟಿನ ತಾಣವಾಗುತ್ತದೆ.

ಹರಿವು ನಿಂತ ಮೇಲೆ ಈ ಇಕ್ಕಟ್ಟು ಬಿಗಿಯಾಗುತ್ತದೆ. ಕಲ್ಲಿಗೆ ಬಡಿದು ಧುಮುಕುವ ನೀರು ಗಾಳಿಯನ್ನು ಬೆರೆಸಿಕೊಳ್ಳುತ್ತದೆ, ನಿಂತ ನೀರಿಗೆ ಆ ಅವಕಾಶವಿಲ್ಲ. ನಿಂತ ನೀರಿನಲ್ಲಿ ಪಾಚಿ ಹಬ್ಬುತ್ತದೆ. ಅದು ಹಗಲಲ್ಲಿ ಆಮ್ಲಜನಕ ಬಿಟ್ಟರೂ ರಾತ್ರಿ ತಾನೇ ಅದನ್ನು ಬಳಸುತ್ತದೆ. ಹೀಗಾಗಿ ನಸುಕಿನ ಹೊತ್ತಿಗೆ ಆಮ್ಲಜನಕ ತೀರಾ ಕೆಳಮಟ್ಟಕ್ಕಿಳಿದು, ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತವೆ. ಇದು ಅಪಾಯದ ಮೊದಲ ಗುರುತು. ಊರಿನ ಚರಂಡಿ ನೀರು ಸೇರಿದರೆ ಕೊಳೆಯುವ ಕಸ ಉಳಿದ ಆಮ್ಲಜನಕವನ್ನೂ ತಿಂದುಹಾಕುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ಬಿಸಿಲು ಮತ್ತು ಕೊಳಚೆ ಕೂಡಿದಾಗ ಏನಾಗುತ್ತದೆ ಎಂಬುದನ್ನು ತೋರಿಸಿತು. ಬೇಸಿಗೆ ಮುಗಿಯುವಾಗ ಇನ್ನೊಂದು ಕಂಟಕವಿದೆ. ಮೊದಲ ಮಳೆಯ ಕೆನ್ನೀರು ದಂಡೆಯ ಬೂದಿ, ಸಗಣಿ, ಕಸವನ್ನೆಲ್ಲ ಒಮ್ಮೆಲೇ ಮಡುವಿಗೆ ತಂದು ಸುರಿಯುತ್ತದೆ. ಬೇಸಿಗೆಯನ್ನು ದಾಟಿ ಬಂದ ಮೀನೂ ಆಗ ಸಾಯಬಹುದು.

ಎಲ್ಲ ಮೀನುಗಳ ತಾಳಿಕೆ ಒಂದೇ ಅಲ್ಲ. ಕೊರವ ಮೀನು, ಚೇಳುಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ಕೆಸರುಗುಂಡಿಯಲ್ಲೂ ಅವು ದಿನ ದೂಡುತ್ತವೆ. ಮಹಶೀರ್ ಮತ್ತು ಹರಿಯುವ ನೀರಿಗೆ ಒಗ್ಗಿದ ಗೆಂಡೆ ಜಾತಿಯ ಬಹಳಷ್ಟು ಮೀನುಗಳಿಗೆ ಆ ಶಕ್ತಿಯಿಲ್ಲ. ಅವುಗಳಿಗೆ ಉಳಿದಿರುವ ಆಸರೆ ಒಂದೇ, ಮಡು. ನದಿಪಾತ್ರದಲ್ಲಿ ಆಳವಾಗಿ ಕೊರೆದ, ತಳದಲ್ಲಿ ತಂಪು ಉಳಿಸಿಕೊಂಡ, ಒಸರಿನಿಂದ ನೀರು ಪಡೆಯುವ ಈ ಮಡುಗಳಲ್ಲಿ ಇಡೀ ಹೊಳೆಯ ಮೀನುಸಂತತಿ ಬೇಸಿಗೆಯ ಮೂರು–ನಾಲ್ಕು ತಿಂಗಳು ಒತ್ತಾಗಿ ಬದುಕುತ್ತದೆ. ಮುಂಗಾರು ಬಂದಾಗ ಹೊಳೆಗೆ ಮರಳಿ ಮೀನು ತುಂಬುವುದು ಇಲ್ಲಿಂದಲೇ. ಮಡು ಬತ್ತಿದರೆ ಅಥವಾ ಒಂದು ರಾತ್ರಿಯ ಬಲೆಗೆ ಬರಿದಾದರೆ, ಮುಂದಿನ ವರ್ಷದ ಮಳೆ ಎಷ್ಟೇ ಚೆನ್ನಾಗಿದ್ದರೂ ಬೀಜದ ಮೀನೇ ಇರುವುದಿಲ್ಲ.

ಭೀಮೆಯಿಂದ ಬಂದ ಹೆಸರು

ಭೀಮಾ ನದಿ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, 861 ಕಿ.ಮೀ. ಹರಿದು ರಾಯಚೂರು ಜಿಲ್ಲೆಯ ಗಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮುಂಬಯಿ ಸರ್ಕಾರದ ಸೇವೆಯಲ್ಲಿದ್ದ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ ದಖನ್ನಿನ ಮೀನುಗಳನ್ನು ಸಂಗ್ರಹಿಸಿ, ಪುಣೆಯ ಬಳಿಯ ಮುಳಾ–ಮುಠಾ ಹೊಳೆಯ ಮಾದರಿಯಿಂದ 1839ರಲ್ಲಿ ದಖನ್ ಮಹಶೀರನ್ನು ವರ್ಣಿಸಿದ. ಇಂದು ಅದರ ಶಾಸ್ತ್ರೀಯ ಹೆಸರು ಟಾರ್ ಖುಡ್ರೀ. ಮುಳಾ–ಮುಠಾ ಭೀಮೆಯ ಉಪನದಿ. ಮೂಗಿನ ಮೇಲೆ ಗುಬುಟಿರುವ ನುಕ್ತಾ, ಕೋಲುಸ್, ದೊಡ್ಡ ಬಾಯಿಯ ಸೈಲೋನಿಯಾ ಮುಂತಾದ ಕೃಷ್ಣಾ–ಭೀಮಾ ಕಣಿವೆಯ ಮೀನುಗಳಿಗೂ ಅದೇ ವರ್ಷ ಸೈಕ್ಸ್‌ನಿಂದಲೇ ಹೆಸರು ಬಂತು. ಇವುಗಳಲ್ಲಿ ಹಲವು ಇಂದು ಅಪಾಯದಂಚಿನ ಮೀನುಗಳ ಪಟ್ಟಿಯಲ್ಲಿವೆ.

ಈ ಸೀಮೆಯ ಮೀನುಜ್ಞಾನ ಸೈಕ್ಸ್‌ಗಿಂತ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಮೀನಿನ ಬಗೆಗಳು, ಅವು ಇರುವ ನೀರು, ಗಾಳ, ಮೇವು ಎಲ್ಲವನ್ನೂ ಅದು ವಿವರಿಸುತ್ತದೆ. ಮೀನುಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ 1951ರಲ್ಲಿ ಅದನ್ನು ಅಧ್ಯಯನ ಮಾಡಿ ಪ್ರಕಟಿಸಿದರು. ಸೋಮೇಶ್ವರನ ರಾಜಧಾನಿ ಇಂದಿನ ಬಸವಕಲ್ಯಾಣ, ಕಮಲಾಪುರದಿಂದ ಉತ್ತರಕ್ಕೆ ದೂರವೇನಲ್ಲ. ಮೀನು ಕೊಲ್ಲುವುದಕ್ಕೆ ಮಿತಿ ಹಾಕುವ ವಿಚಾರವೂ ಹಳೆಯದೇ. ಅಶೋಕ ತನ್ನ ಐದನೆಯ ಸ್ತಂಭಶಾಸನದಲ್ಲಿ ವರ್ಷದ ಗೊತ್ತಾದ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಬಾರದು ಎಂದು ಆಜ್ಞೆ ಮಾಡಿದ. ಆ ಶಾಸನ ಉತ್ತರ ಭಾರತದ್ದು. ಅದೇ ಅರಸನ ಬೇರೆ ಶಾಸನಗಳು ಭೀಮೆಯ ದಂಡೆಯ ಸನ್ನತಿಯಲ್ಲಿ ಸಿಕ್ಕಿವೆ.

ಕಲಬುರಗಿ ಸೀಮೆಯ ಹೊಳೆಗಳು

ಕಲಬುರಗಿ ಜಿಲ್ಲೆಯಲ್ಲಿ ಭೀಮೆ ಅಫಜಲಪುರ, ಜೇವರ್ಗಿ, ಚಿತ್ತಾಪುರ ಸೀಮೆಗಳನ್ನು ಹಾದು ಯಾದಗಿರಿಯತ್ತ ಸಾಗುತ್ತದೆ. ಅಮರ್ಜಾ ಹೊಳೆ ಗಾಣಗಾಪುರದ ಸಂಗಮದಲ್ಲಿ ಅದನ್ನು ಕೂಡುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಪಕ್ಕ ಹರಿಯುವ ಕಾಗಿಣಾ ಇನ್ನೊಂದು ಮುಖ್ಯ ಉಪನದಿ. ಬೆಣ್ಣೆತೊರಾ ಮತ್ತು ಮುಲ್ಲಾಮಾರಿ ಕಾಗಿಣಾಕ್ಕೆ ಸೇರುತ್ತವೆ. ಹೇರೂರಿನ ಬಳಿ ಬೆಣ್ಣೆತೊರಾಕ್ಕೆ, ನಾಗರಾಳದ ಬಳಿ ಮುಲ್ಲಾಮಾರಿಗೆ ಅಣೆಕಟ್ಟುಗಳಿವೆ. ಕಲಬುರಗಿ ನಗರದ ಕುಡಿಯುವ ನೀರು ಭೀಮಾ ಮತ್ತು ಬೆಣ್ಣೆತೊರಾ ಎರಡರಿಂದಲೂ ಬರುತ್ತದೆ. ಹೀಗಾಗಿ ಕೋಟನೂರಿನಂಥ ನಗರದಂಚಿನ ಬಡಾವಣೆಯ ನಲ್ಲಿಗೂ ಭೀಮೆಯ ಮಡುವಿನ ಮೀನಿಗೂ ಒಂದೇ ನೀರು ಹಂಚಿಕೆಯಾಗುತ್ತದೆ.

ಇಲ್ಲಿಯ ಬಿಸಿಲು ಕರ್ನಾಟಕದಲ್ಲೇ ಕಡುವಾದದ್ದು; ಏಪ್ರಿಲ್–ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ವಾಡಿಕೆ. ಮಳೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ಅದು ಹಿಂದೆಬಿದ್ದಾಗ ಹೊಳೆ ಜನವರಿಗೇ ತುಂಡಾಗುತ್ತದೆ. 1972ರ ಬರ ಈ ಭಾಗದ ಹಿರಿಯರ ಬಾಯಲ್ಲಿ ಇನ್ನೂ ಇದೆ. 2016ರಲ್ಲಿ ನೆರೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ಸಾಗಿಸಬೇಕಾಯಿತು. 2023ರ ಮುಂಗಾರು ಸೋತಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಇನ್ನೊಂದು ತುದಿಯೂ ಇದೇ ನದಿಯದು: 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳು ನೀರಿನಲ್ಲಿ ನಿಂತವು. ಮಳೆಗಾಲದಲ್ಲಿ ಮುಳುಗಿಸುವ, ಬೇಸಿಗೆಯಲ್ಲಿ ಒಣಗುವ ಹೊಳೆಯಲ್ಲಿ ಮೀನನ್ನು ಉಳಿಸುವುದು ಹೇಗೆ ಎಂಬುದೇ ಇಲ್ಲಿಯ ಪ್ರಶ್ನೆ.

ಬೇಸಿಗೆಯ ಭೀಮೆಯನ್ನು ಈಗ ನಿರ್ಧರಿಸುವುದು ಮಳೆಗಿಂತ ಹೆಚ್ಚಾಗಿ ಗೇಟುಗಳು. ಸೊಲ್ಲಾಪುರ ಜಿಲ್ಲೆಯಲ್ಲಿ 1980ರಲ್ಲಿ ಮುಗಿದ ಉಜ್ಜನಿ ಅಣೆಕಟ್ಟು ಸುಮಾರು 117 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. 2024ರ ಬೇಸಿಗೆಯಲ್ಲಿ ಆ ಜಲಾಶಯವೇ ಬಳಕೆಯ ಮಟ್ಟಕ್ಕಿಂತ ಬಹಳ ಕೆಳಗಿಳಿದಿತ್ತು. ಕೆಳಗೆ ಕರ್ನಾಟಕದಲ್ಲಿ ಸೊನ್ನ, ಘತ್ತರಗಿ, ಸರಡಗಿ, ಸನ್ನತಿ ಮುಂತಾದೆಡೆ ಬ್ಯಾರೇಜುಗಳಿವೆ. ಮಳೆಗಾಲ ಮುಗಿದ ಮೇಲೆ ಇವುಗಳ ಗೇಟು ಇಳಿಸಿ ನೀರು ನಿಲ್ಲಿಸುತ್ತಾರೆ. ಬ್ಯಾರೇಜಿನ ಹಿಂದೆ ನಿಂತ ನೀರು ಮೀನಿಗೆ ತಾತ್ಕಾಲಿಕ ಆಸರೆಯಾಗುತ್ತದೆ ನಿಜ. ಆದರೆ ಪಂಪುಗಳು ಅದನ್ನು ತಳದವರೆಗೆ ಎತ್ತಿದಾಗ ಆ ಆಸರೆಯೇ ಬಲೆಯಾಗುತ್ತದೆ; ಮೇಲಿನ ಮಡುವಿಗೆ ಹೋಗಲು ಗೋಡೆ ಅಡ್ಡ, ಕೆಳಗೆ ಇಳಿಯಲು ನೀರಿಲ್ಲ.

ಮರಳು ತೆಗೆಯುವುದು ಎರಡನೆಯ ಪೆಟ್ಟು. ಬತ್ತಿದ ಹೊಳೆಯಲ್ಲಿ ವರ್ತಿ ತೋಡಿ ಕುಡಿಯುವ ನೀರು ಪಡೆದ ಊರುಗಳಿಗೆ ಮರಳಿನ ಬೆಲೆ ಗೊತ್ತು. ಹೊಳೆ ನಿಂತ ಮೇಲೂ ಮರಳಿನ ಒಡಲಲ್ಲಿ ನೀರು ಹರಿಯುತ್ತಿರುತ್ತದೆ. ವರ್ತಿಗೆ ಊರುವ ಆ ನೀರೇ ಮಡುವಿಗೂ ಒಸರುತ್ತದೆ. ಮರಳನ್ನು ಬಂಡೆಯವರೆಗೆ ಕೆರೆದು ಸಾಗಿಸಿದಾಗ ವರ್ತಿಯೂ ಬತ್ತುತ್ತದೆ, ಮಡುವೂ ಬತ್ತುತ್ತದೆ, ಮೀನು ಮೊಟ್ಟೆಯಿಡುವ ತಳವೂ ಇಲ್ಲವಾಗುತ್ತದೆ.

ಹೊಳೆಯನ್ನೇ ನಂಬಿದ ಕಬ್ಬಲಿಗ, ಅಂಬಿಗ ಕುಟುಂಬಗಳ ಬದುಕು ಇದರೊಂದಿಗೆ ಕಟ್ಟಿಕೊಂಡಿದೆ. ಜಲಾಶಯಗಳಿಗೆ ಕಟ್ಲಾ, ರೋಹು, ಮೃಗಾಲ್ ಮರಿ ಬಿಡುವುದರಿಂದ ಬಲೆಗೆ ಒಂದಿಷ್ಟು ಸಿಗುತ್ತದೆ. ಅದರೊಂದಿಗೆ ಹೊರಗಿನ ತಿಲಾಪಿಯಾ ಕೃಷ್ಣಾ ಕಣಿವೆಯಲ್ಲಿ ಹಬ್ಬಿದೆ. ಬಿಸಿ, ಕಲುಷಿತ, ನಿಂತ ನೀರನ್ನು ತಾಳುವ ತಿಲಾಪಿಯಾಕ್ಕೆ ಬರಗಾಲ ಅನುಕೂಲವೇ. ಮಡುವನ್ನು ಕಾಪಾಡದಿದ್ದರೆ ಪ್ರತಿ ಬರವೂ ನಾಡಮೀನನ್ನು ಹಿಂದೆ ತಳ್ಳಿ ಹೊರಮೀನಿಗೆ ಜಾಗ ಬಿಡಿಸುತ್ತದೆ.

ದೇವರ ಮಡುಗಳು

ಮಡುವನ್ನು ಕಾಪಾಡುವ ವಿದ್ಯೆ ಕರ್ನಾಟಕದಲ್ಲಿ ಹೊಸದಾಗಿ ಕಲಿಯಬೇಕಾದದ್ದಲ್ಲ. ಮಲೆನಾಡು ಮತ್ತು ಕರಾವಳಿಯಲ್ಲಿ ದೇವಸ್ಥಾನದ ಎದುರಿನ ಮಡುವಿನ ಮೀನು ದೇವರದು. ಅದನ್ನು ಯಾರೂ ಹಿಡಿಯುವುದಿಲ್ಲ. ಶೃಂಗೇರಿಯಲ್ಲಿ ಶಾರದಾ ಪೀಠದ ಬಳಿ ತುಂಗೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿ, ತೀರ್ಥಹಳ್ಳಿ ತಾಲ್ಲೂಕಿನ ಸಿಬ್ಬಲಗುಡ್ಡೆಯಲ್ಲಿ ತುಂಗೆ ಇದಕ್ಕೆ ಹೆಸರಾದವು. ತುಳುನಾಡಿನಲ್ಲಿ ಮಹಶೀರನ್ನು ಪೆರುವೋಲು ಎನ್ನುತ್ತಾರೆ. ಕಾವೇರಿ ಸೀಮೆಯಲ್ಲಿ ಅದು ಬಿಳಿಮೀನು.

ಈ ಮಡುಗಳ ಬಲ ಕಾನೂನಿನದಲ್ಲ, ಊರಿನ ಕಣ್ಗಾವಲಿನದು. ಅದರ ಮಿತಿಯೂ ಸ್ಪಷ್ಟವಾಗಿದೆ. 1996ರಲ್ಲಿ ಶಿಶಿಲದ ಹೊಳೆಗೆ ಕಿಡಿಗೇಡಿಗಳು ವಿಷ ಹಾಕಿದಾಗ ಸಾವಿರಾರು ದೇವರ ಮೀನುಗಳು ಸತ್ತವು. ಊರಿನವರು ಅವುಗಳ ನೆನಪಿಗೆ ಸ್ಮಾರಕ ಕಟ್ಟಿದರು, ಕಾವಲು ಬಿಗಿ ಮಾಡಿದರು, ಮೀನು ಮತ್ತೆ ಬಂತು. ಬೇಸಿಗೆಯಲ್ಲಿ ನೀರು ಇಳಿದಾಗ ಮಡುವಿನಲ್ಲಿ ಮೀನು ಕಿಕ್ಕಿರಿಯುತ್ತದೆ. ಭಕ್ತರು ಎಸೆಯುವ ಅಕ್ಕಿ, ಮಂಡಕ್ಕಿಯಲ್ಲಿ ಉಳಿದದ್ದು ಕೊಳೆತು ಆಮ್ಲಜನಕವನ್ನು ತಿನ್ನುತ್ತದೆ. ಆ ತಿಂಗಳುಗಳಲ್ಲಿ ತಿನಿಸು ಹಾಕದಿರುವುದೇ ಮೀನಿಗೆ ಮಾಡುವ ಸೇವೆ. ಇನ್ನೊಂದು ಮಾತೂ ಇದೆ: ದೇವರ ಮಡು ಮೀನನ್ನು ಬಲೆಯಿಂದ ಉಳಿಸುತ್ತದೆ, ಮೇಲ್ಗಡೆ ನೀರು ಎತ್ತುವ ಪಂಪಿನಿಂದ ಉಳಿಸಲಾರದು.

ಕಾವೇರಿಯ ಪಾಠ

ಕಾವೇರಿ ಕಣಿವೆಯ ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ ಜಗತ್ತಿನ ಅತಿ ದೊಡ್ಡ ಮಹಶೀರ್‌ಗಳಲ್ಲೊಂದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಗಾಳಕ್ಕೆ ಕಬಿನಿಯಲ್ಲಿ ಸಿಕ್ಕ ಮೀನು 120 ಪೌಂಡ್, ಅಂದರೆ 54 ಕಿಲೋ ತೂಗಿತು. ಈ ಮೀನು ಟಾರ್ ರೆಮದೇವಿ ಎಂಬ ಪ್ರಭೇದವೆಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಇದರ ಅವನತಿಗೆ ಅಣೆಕಟ್ಟು, ಡೈನಮೈಟು, ಮರಳುಗಾರಿಕೆ ಕಾರಣಗಳು. ಇವುಗಳ ಜೊತೆಗೆ ಒಳ್ಳೆಯ ಉದ್ದೇಶದಿಂದಲೇ ಆದ ಒಂದು ಕೆಲಸವೂ ಸೇರಿದೆ. ಪುಣೆ ಜಿಲ್ಲೆಯ ಲೋನಾವಳದಲ್ಲಿ 1970ರ ದಶಕದಿಂದ ದಖನ್ ಮಹಶೀರ್ ಮರಿ ಮಾಡಿಸಿ ಹಲವು ನದಿಗಳಿಗೆ ಹಂಚಲಾಯಿತು. ಕಾವೇರಿಗೆ ಬಿಟ್ಟ ಆ ಮರಿಗಳು ಹುಲುಸಾಗಿ ಬೆಳೆದವು, ಕಾವೇರಿಯ ಸ್ವಂತ ಡುಬ್ಬದ ಮಹಶೀರ್ ಹಿಂದೆ ಸರಿಯಿತು. ಭೀಮಾ ಕಣಿವೆಯ ಮೀನು ಕಾವೇರಿಯಲ್ಲಿ ಹೊರಮೀನಾದ ಈ ಪ್ರಸಂಗ ಬರಗಾಲದ ರಕ್ಷಣಾ ಕೆಲಸಕ್ಕೆ ನೇರವಾಗಿ ಅನ್ವಯಿಸುತ್ತದೆ. ಬತ್ತುವ ಮಡುವಿನಿಂದ ಮೀನನ್ನು ಎತ್ತಿ ಸಾಗಿಸುವಾಗ ಅದೇ ಹೊಳೆಯ ಇನ್ನೊಂದು ಮಡುವಿಗೇ ಬಿಡಬೇಕು; ಬೇರೆ ಕಣಿವೆಗೆ ಒಯ್ಯಕೂಡದು.

ಕಾನೂನು ಮತ್ತು ನದಿಯ ಪಾಲು

ಮೀನು ಹಿಡಿಯಲು ಸ್ಫೋಟಕ ಮತ್ತು ವಿಷ ಬಳಸುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆ ಮತ್ತು ಮೀನು ಸಂರಕ್ಷಣೆಗೆ ಪ್ರತ್ಯೇಕ ಶಾಸನ ಮಾಡಿತು. ಇಂದು ಜಾರಿಯಲ್ಲಿರುವುದು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ. 2002ರ ಜೀವವೈವಿಧ್ಯ ಕಾಯ್ದೆಯ ಅಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಮಹತ್ವದ ತಾಣವನ್ನು ಪಾರಂಪರಿಕ ತಾಣವೆಂದು ಘೋಷಿಸಲೂ ಅದರಲ್ಲಿ ಅವಕಾಶವಿದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆತೋಪು 2007ರಲ್ಲಿ ಹಾಗೆ ಘೋಷಿತವಾಯಿತು. ತೋಪಿಗೆ ಸಿಕ್ಕ ಮಾನ್ಯತೆ ಮಡುವಿಗೂ ಸಿಗಬಲ್ಲದು.

ಈ ಕಾನೂನುಗಳು ಮೀನು ಹಿಡಿಯುವವರ ಕೈ ಕಟ್ಟುತ್ತವೆ, ನೀರು ಎತ್ತುವವರ ಕೈ ಕಟ್ಟುವುದಿಲ್ಲ. ನೀರಿನ ವಿಚಾರ ನ್ಯಾಯಮಂಡಳಿಗಳಲ್ಲಿ ಬಂದಿದೆ. ಕಾವೇರಿ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ ಪರಿಸರ ರಕ್ಷಣೆಗೆ 10 ಟಿಎಂಸಿ ಮೀಸಲಿಟ್ಟಿತು. ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ನದಿಯ ಕನಿಷ್ಠ ಹರಿವಿಗೆಂದು ಮಹಾರಾಷ್ಟ್ರ 3, ಕರ್ನಾಟಕ 7, ಆಂಧ್ರಪ್ರದೇಶ 6, ಒಟ್ಟು 16 ಟಿಎಂಸಿ ಬಿಡಬೇಕೆಂದಿತು. ಸುಪ್ರೀಂ ಕೋರ್ಟಿನ ತಡೆಯಿಂದಾಗಿ ಆ ತೀರ್ಪು ಅಧಿಸೂಚನೆಯಾಗದೆ ಉಳಿಯಿತು. 2025ರ ಬೇಸಿಗೆಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ಉಜ್ಜನಿಯಿಂದ ಭೀಮೆಗೆ ನೀರು ಬಿಡುವಂತೆ ಮಹಾರಾಷ್ಟ್ರಕ್ಕೆ ಪತ್ರ ಬರೆದದ್ದು ಕುಡಿಯುವ ನೀರಿಗಾಗಿ. ಜನರ ದಾಹ ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕುಡಿಯುವ ನೀರಿಗೆಂದು ಬಿಟ್ಟ ನೀರು ಹೊಳೆಯ ಪಾತ್ರದಲ್ಲೇ ಹರಿದು ಬರುತ್ತದೆ. ದಾರಿಯಲ್ಲಿ ಅದನ್ನು ಕಬ್ಬಿಗೆ ಎತ್ತದಂತೆ ತಡೆದರೆ ಊರಿಗೂ ಮಡುವಿಗೂ ಅದು ಮುಟ್ಟುತ್ತದೆ.

ಸಾಲ್ಮನ್ ನದಿಗಳ ಅನುಭವ

ಸಾಲ್ಮನ್‌ಗೆ ನೀರು 20 ಡಿಗ್ರಿ ದಾಟಿದರೇ ಸಂಕಟ. 2002ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಲಾಮತ್ ನದಿಯಲ್ಲಿ ನೀರು ಕಡಿಮೆಯಾಗಿ, ಕಾಯ್ದು, ರೋಗ ಹಬ್ಬಿ 30,000ಕ್ಕೂ ಹೆಚ್ಚು ಮೀನು ಸತ್ತವು. 2015ರಲ್ಲಿ ಕೊಲಂಬಿಯಾ ನದಿಯಲ್ಲಿ ಏರಿ ಬರುತ್ತಿದ್ದ ಸುಮಾರು ಎರಡೂವರೆ ಲಕ್ಷ ಸಾಕ್‌ಐ ಸಾಲ್ಮನ್ ಬಿಸಿನೀರಿಗೆ ಬಲಿಯಾದವು. ಇಂಥ ಆಘಾತಗಳಿಂದ ಅಲ್ಲಿ ನಿಯಮಗಳು ಹುಟ್ಟಿದವು. ಕೆನಡಾದ ಮಿರಮಿಶಿ ನದಿಯಲ್ಲಿ ನೀರಿನ ಉಷ್ಣತೆ ಗೊತ್ತಾದ ಮಟ್ಟ ಮೀರಿದರೆ ಮೀನು ಕೂಡಿರುವ ತಣ್ಣೀರಿನ ಮಡುಗಳಲ್ಲಿ ಗಾಳ ಹಾಕುವುದನ್ನೇ ನಿಲ್ಲಿಸುತ್ತಾರೆ. ಸ್ಕಾಟ್ಲೆಂಡಿನ ಡೀ ನದಿಯ ದಂಡೆಯಲ್ಲಿ ನೆರಳಿಗಾಗಿ ದೊಡ್ಡ ಪ್ರಮಾಣದಲ್ಲಿ ಗಿಡ ನೆಡುತ್ತಿದ್ದಾರೆ. ಕ್ಲಾಮತ್‌ನಲ್ಲಿ ನಾಲ್ಕು ಅಣೆಕಟ್ಟುಗಳನ್ನು ಕೆಡವುವ ಕೆಲಸ 2024ರಲ್ಲಿ ಮುಗಿಯಿತು.

ಅಣೆಕಟ್ಟು ಕೆಡವುವ ಮಾತು ಭೀಮೆಗೆ ಒಗ್ಗದು. ಇಲ್ಲಿ ಅವುಗಳ ಮೇಲೆ ಲಕ್ಷಾಂತರ ಜನರ ಕುಡಿಯುವ ನೀರು ನಿಂತಿದೆ. ಥರ್ಮಾಮೀಟರ್ ಓದಿ ಮಡುವನ್ನು ಮುಚ್ಚುವ ನಿಯಮ ಮತ್ತು ದಂಡೆಯ ನೆರಳು ಇವೆರಡನ್ನು ಮಾತ್ರ ಯಾವ ಊರೂ ತನ್ನದಾಗಿ ಮಾಡಿಕೊಳ್ಳಬಹುದು.

ಆಗಬೇಕಾದ ಕೆಲಸಗಳು

ಮೊದಲನೆಯದು ಮಡುಗಳ ಪಟ್ಟಿ. ಭೀಮಾ, ಕಾಗಿಣಾ, ಬೆಣ್ಣೆತೊರಾ, ಮುಲ್ಲಾಮಾರಿಯಲ್ಲಿ ಮೇ ತಿಂಗಳಲ್ಲೂ ನೀರು ಉಳಿಯುವ ಜಾಗಗಳು ದಂಡೆಯ ಮೀನುಗಾರರಿಗೆ ಬಾಯಿಪಾಠವಾಗಿವೆ. ಅವನ್ನು ಗುರುತಿಸಿ, ಆಳ ಅಳೆದು, ಪಂಚಾಯಿತಿಯ ದಾಖಲೆಗೆ ಸೇರಿಸಬೇಕು.

ಎರಡನೆಯದು ಪ್ರತಿ ಮಡುವಿಗೆ ಒಂದು ಕನಿಷ್ಠ ಮಟ್ಟ. ಬಂಡೆಗೋ ಸೇತುವೆಯ ಕಂಬಕ್ಕೋ ಗುರುತು ಹಾಕಿ, ನೀರು ಅದಕ್ಕಿಂತ ಕೆಳಗಿಳಿದ ದಿನ ನೀರಾವರಿ ಪಂಪುಗಳು ನಿಲ್ಲಬೇಕು. ಅಲ್ಲಿಂದ ಮುಂಗಾರಿನವರೆಗೆ ಆ ಮಡುವಿಗೆ ಬಲೆ ಬೀಳಬಾರದು, ಆ ಅವಧಿಗೆ ಮೀನುಗಾರ ಕುಟುಂಬಗಳಿಗೆ ಪರಿಹಾರ ಅಥವಾ ಕಾವಲಿನ ಕೂಲಿ ಸಿಗಬೇಕು.

ಮೂರನೆಯದು ಬ್ಯಾರೇಜುಗಳ ನಡಾವಳಿ. ಹೊಸನೀರು ಬಂದ ಮೊದಲ ದಿನಗಳಲ್ಲಿ ಗೇಟುಗಳನ್ನು ಎತ್ತಿದರೆ ಮೊಟ್ಟೆಯಿಡಲು ಏರುವ ಮೀನಿಗೆ ದಾರಿ ಸಿಗುತ್ತದೆ. ಹೊಸದಾಗಿ ಕಟ್ಟುವ ಬ್ಯಾರೇಜಿಗೆ ಮೀನುಮೆಟ್ಟಿಲು ಸೇರಿಸಬೇಕು.

ನಾಲ್ಕನೆಯದು ದಂಡೆ. ಹೊಳೆಮತ್ತಿ, ನೇರಳೆ, ಅತ್ತಿ, ಹೊಂಗೆ ಬೇರಿನಿಂದ ಮಣ್ಣು ಹಿಡಿಯುತ್ತವೆ, ಕೊಂಬೆಯಿಂದ ನೀರಿಗೆ ನೆರಳು ಕೊಡುತ್ತವೆ. ಉದುರಿದ ಹಣ್ಣು ಮಹಶೀರ್‌ನಂಥ ಮೀನಿಗೆ ಆಹಾರವೂ ಹೌದು. ಮಡುವಿನ ಮೇಲೆ ಮತ್ತು ಕೆಳಗೆ ಮರಳು ಮುಟ್ಟದ ಮೇರೆ ಹಾಕಬೇಕು.

ಐದನೆಯದು ಊರಿನ ಹೊಲಸು. ಕಲಬುರಗಿ, ಶಹಾಬಾದ, ಸೇಡಂನಂಥ ಪಟ್ಟಣಗಳ ಚರಂಡಿ ನೀರು ಶುದ್ಧವಾಗದೆ ಬೇಸಿಗೆಯ ಹೊಳೆಗೆ ಬೀಳಬಾರದು. ತುಂಬಿದ ಹೊಳೆ ತಾಳುವ ಕೊಳೆಯನ್ನು ಬತ್ತಿದ ಹೊಳೆ ತಾಳಲಾರದು.

ಆರನೆಯದು ಬೆಳೆ. ಭೌಗೋಳಿಕ ಸೂಚಕ (ಜಿ.ಐ.) ಮಾನ್ಯತೆ ಪಡೆದ ಕಲಬುರಗಿಯ ತೊಗರಿ ಮಳೆಯಾಧಾರದಲ್ಲೇ ಬೆಳೆಯುತ್ತದೆ. ಬರದ ವರ್ಷ ಬೇಸಿಗೆಯ ಕಬ್ಬಿಗೆ ಹೊಳೆಯ ನೀರು ಎತ್ತುವುದನ್ನು ತಗ್ಗಿಸಿ, ತೊಗರಿ, ಜೋಳ ಬೆಳೆದವರಿಗೆ ನ್ಯಾಯವಾದ ಬೆಲೆ ಕೊಡುವುದು ಹೊಳೆಯನ್ನು ಉಳಿಸುವ ನೇರ ದಾರಿ.

ಮಲೆನಾಡಿನ ಮಹಶೀರ್ ಉಳಿದದ್ದು ಅಲ್ಲಿಯ ಜನ ಹೊಳೆಯ ಒಂದು ತುಣುಕನ್ನು ಮುಟ್ಟುವುದಿಲ್ಲವೆಂದು ಒಪ್ಪಿಕೊಂಡದ್ದರಿಂದ. ಭೀಮೆಯ ದಂಡೆಯಲ್ಲೂ ಗಾಣಗಾಪುರದ ದತ್ತ, ಘತ್ತರಗಿಯ ಭಾಗ್ಯವಂತಿ, ಸನ್ನತಿಯ ಚಂದ್ರಲಾ ಪರಮೇಶ್ವರಿ ಇದ್ದಾರೆ. ಲಕ್ಷಾಂತರ ಭಕ್ತರು ಈ ನೀರಿನಲ್ಲಿ ಮಿಂದು ಕೈಮುಗಿಯುತ್ತಾರೆ. ಈ ಕ್ಷೇತ್ರಗಳ ಎದುರಿನ ಮಡುಗಳನ್ನು ಮತ್ಸ್ಯಧಾಮಗಳೆಂದು ಘೋಷಿಸಲು ಹೊಸ ಕಾನೂನು ಬೇಡ, ದೊಡ್ಡ ಹಣವೂ ಬೇಡ. ದೇವಸ್ಥಾನ, ಗ್ರಾಮ ಪಂಚಾಯಿತಿ, ಮೀನುಗಾರರ ಸಹಕಾರ ಸಂಘ ಮತ್ತು ಮೀನುಗಾರಿಕೆ ಇಲಾಖೆ ಒಂದೆಡೆ ಕುಳಿತು ತೀರ್ಮಾನಿಸಿದರೆ ಸಾಕು. ಮುಂದಿನ ಬರ ಬರುವ ಮೊದಲೇ ಈ ತೀರ್ಮಾನ ಆಗಬೇಕು.